ಲಿಂಗೈಕ್ಯ ಗುರುಲಿಂಗಯ್ಯನವರ ಸ್ವಾಗತ ಕಮಾನು

ಸೇಡಂನಿಂದ ಕುರಕುಂಟಾ ಕಡೆಗೆ ಹೋಗುವಾಗ ಎಡಕ್ಕೆ ಒಂದು ರಸ್ತೆ ಕವಲೊಡೆಯುತ್ತದೆ. ಅದರ ಕೊನೆಗೆ ಈರಂಪಳ್ಳಿ. ಊರಿಗೆ ಚರಂಡಿ ಇರಲಿಲ್ಲ, ದವಾಖಾನೆ ಇರಲಿಲ್ಲ, ಬೇಸಿಗೆಯಲ್ಲಿ ನಳಕ್ಕೆ ನೀರೂ ಇರಲಿಲ್ಲ. ಇದರಿಂದ ಯಾರಿಗೂ ಅವಮಾನವಾಗಿರಲಿಲ್ಲ. ಅವಮಾನ ಶುರುವಾದದ್ದು, ಸಿದ್ಧಲಿಂಗನ ಷಡ್ಡಕ ಚಿಂಚೋಳಿ ಕಡೆಯ ತನ್ನ ಊರಿಗೆ ಒಂದು ಸ್ವಾಗತ ಕಮಾನು ಕಟ್ಟಿಸಿದ ಮೇಲೆ.

ಸಿದ್ಧಲಿಂಗನದು ಸೇಡಂನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ದಿನಾ ಬೆಳಿಗ್ಗೆ ಕಾರಿನಲ್ಲಿ ಹೋಗಿ ಸಂಜೆಗೆ ಊರಿಗೆ ಬರುತ್ತಿದ್ದ. ಷಡ್ಡಕನ ಕಮಾನಿನ ಉದ್ಘಾಟನೆಗೆ ಹೆಂಡತಿ ಐಶ್ವರ್ಯಳನ್ನು ಕರೆದುಕೊಂಡು ಹೋಗಿದ್ದ. ಹೋಗುವಾಗ ಕಾರಿನಲ್ಲಿ ಹಾಡು ಇತ್ತು. ಬರುವಾಗ ಇರಲಿಲ್ಲ.

"ಅವರವ್ವನ ಹೆಸರು ಎಷ್ಟು ದೂರದಿಂದ ಕಾಣಸ್ತದ ನೋಡಿದ್ರಿಲ್ಲ?" ಎಂದಳು ಐಶ್ವರ್ಯ.

"ನೋಡಿದೆ."

"ಸಿಮೆಂಟ್ ಎಲ್ಲಾ ನಿಮ್ಮ ಅಂಗಡಿದಂತ. ಅಕ್ಕ ಹೇಳಿದ್ಳು."

ಸಿದ್ಧಲಿಂಗ ಗೇರ್ ಬದಲಿಸಿದ. ತನ್ನ ಸಿಮೆಂಟಿನಿಂದ ಇನ್ನೊಬ್ಬನ ತಾಯಿ ಅಮರಳಾದದ್ದು ಅವನಿಗೆ ಸಂಕಟವಾಗಿತ್ತು. ಹೆಂಡತಿಯ ಕಡೆ ನೋಡಿದ. ಹಿಂದಿನ ದಿನವೇ ಸೇಡಂನ ಪಾರ್ಲರಿನಲ್ಲಿ ತಿದ್ದಿಸಿಕೊಂಡು ಬಂದಿದ್ದ ಹುಬ್ಬುಗಳನ್ನು ಅವಳು ಏರಿಸಿ ಕುಳಿತಿದ್ದಳು. ಆ ಎರಡು ಕಮಾನುಗಳು ಇಳಿಯಬೇಕಾದರೆ ಊರ ಬಾಗಿಲಿಗೆ ಒಂದು ಕಮಾನು ಏಳಲೇಬೇಕು ಎಂಬುದು ಮನೆ ಮುಟ್ಟುವುದರೊಳಗೆ ಅವನಿಗೆ ಖಾತ್ರಿಯಾಯಿತು.

ತೊಂದರೆ ಇದ್ದದ್ದು ಹೆಸರಿನದು. ಕಮಾನಿಗೆ ಒಬ್ಬ ಹಿರಿಯರ ಹೆಸರು ಬೇಕು. ಸಿದ್ಧಲಿಂಗನ ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತಾದರೂ, ಅವರು ಯಾರ ಯಾರ ಹೊಲದ ಬದು ಒತ್ತಿದ್ದರು ಎಂಬುದನ್ನು ಊರು ಇನ್ನೂ ಮರೆತಿರಲಿಲ್ಲ. ಅವರ ಹೆಸರಿನ ಕಮಾನಿನ ಕೆಳಗೆ ಅರ್ಧ ಊರು ಕಾಲಿಡುತ್ತಿರಲಿಲ್ಲ. ಉಳಿದವರು ಅಪ್ಪ ಗುರುಲಿಂಗಯ್ಯ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾರ ಬದುವನ್ನೂ ಒತ್ತಿರಲಿಲ್ಲ, ಯಾರಿಗೂ ಬೈದಿರಲಿಲ್ಲ. ದೊಡ್ಡದೇನನ್ನೂ ಮಾಡಿರಲಿಲ್ಲ ಎಂದೂ ಹೇಳಬಹುದು, ಆದರೆ ಕಮಾನಿನ ಮೇಲೆ ಯಾರೂ ಹಾಗೆ ಬರೆಸುವುದಿಲ್ಲ.

ಗುರುಲಿಂಗಯ್ಯ ಅಂಗಳದಲ್ಲಿ ಪೇಪರ್ ಓದುತ್ತಿದ್ದಾಗ ಮಗ ಬಂದು ವಿಷಯ ಹೇಳಿದ.

"ನನ್ನ ಹೆಸರ್ಲೇ? ನಾ ಏನ್ ಮಾಡೀನಪಾ?" ಎಂದರು ಅವರು.

"ನೀವು ನಮ್ಮಪ್ಪ ಅದೀರಿ. ಅಷ್ಟು ಸಾಕು."

ಗುರುಲಿಂಗಯ್ಯ ಪೇಪರ್ ಮಡಚಿದರು. ಬೇಡ ಅನ್ನಬೇಕು ಅನಿಸಿತು. ಆದರೆ ಇಷ್ಟು ವರ್ಷದಲ್ಲಿ ಮಗ ಹೀಗೆ ಎದುರಿಗೆ ಕುಳಿತು ಮಾತಾಡಿದ್ದು ಕಡಿಮೆ. "ಅಕ್ಷರ ಜರಾ ದೊಡ್ಡವು ಬರಸು. ವಯಸ್ಸಾದವರಿಗೆ ಕಾಣಬೇಕು," ಎಂದರು. ಒಳಗೆ ಹೆಂಡತಿ ನೀಲಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡು, ಮತ್ತೆ ಬಡಿಯತೊಡಗಿದರು.

ಪಂಚಾಯತಿಯಲ್ಲಿ ಸಭೆ ಸೇರಿತು. ಅಧ್ಯಕ್ಷೆ ಭಾಗಮ್ಮ ನಡುವೆ ಕುಳಿತಿದ್ದಳು. ಹಣ ಹಾಕುವವನು ಸಿದ್ಧಲಿಂಗ, ಜಾಗ ಪಂಚಾಯತಿಯದು, ಅಭಿಪ್ರಾಯ ಎಲ್ಲರದು. ಕಟ್ಟುವವನು ಶಹಾಬಾದಿನ ಸಿರಾಜುದ್ದೀನ. ಅವನು ಕಪ್ಪು ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಬಿಳೀ ಕಾರಿನಿಂದ ಇಳಿದ. ಕಾರಿನ ಹಿಂದಿನ ಗಾಜಿನ ಮೇಲೆ 'ಆರ್ಚ್ ಸ್ಪೆಷಲಿಸ್ಟ್' ಎಂದು ಬರೆಸಿದ್ದ. ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ, "ಇದು ದುಬೈ ಮಾಡೆಲ್ ನೋಡ್ರಿ, ಇದು ಮೈಸೂರು ಪ್ಯಾಲೇಸ್, ಇದು ಸಾದಾ," ಎಂದು ತೋರಿಸಿದ.

ಮೊದಲ ಚಿತ್ರದ ತುದಿ ಚೂಪಾಗಿತ್ತು. "ಇದು ಮಸೂತಿದಾಂಗ ಆತು," ಎಂದು ಯಾರೋ ಅಂದರು. ಎರಡನೆಯದು ಪೂರಾ ಗುಂಡಗಿತ್ತು. "ಇದು ಇಗರ್ಜಿ ಬಾಗಿಲ." ಮೂರನೆಯದಕ್ಕೆ ಮೇಲೆ ಗೋಪುರವಿತ್ತು. ಬುದ್ಧವಿಹಾರದ ಓಣಿಯ ಭಗವಂತ ಅದನ್ನು ನೋಡಿ ತಲೆ ಅಲ್ಲಾಡಿಸಿದ. ಅವನು ವಾಡಿಯಲ್ಲಿ ರೈಲ್ವೆ ನೌಕರಿ ಮುಗಿಸಿ ಬಂದವನು, ಗುರುಲಿಂಗಯ್ಯನವರ ಚಾದ ಜೊತೆಗಾರ.

"ಕಮಾನು ನಿಲ್ಲೋದು ನಮ್ಮ ಓಣಿ ಬಾಯಾಗ. ಗೋಪುರ ಇಟ್ಟರ ಅದು ಗುಡಿ ಬಾಗಿಲಾಗ್ತದ. ಸಾಂಚಿ ತೋರಣದಾಂಗ ಮಾಡ್ರಿ. ಎರಡು ಕಂಬ, ಮ್ಯಾಲ ಅಡ್ಡಪಟ್ಟಿ," ಎಂದ.

"ಅಂದ್ರ ಕಮಾನ ಇಲ್ಲದ ಕಮಾನು," ಎಂದ ಸಿದ್ಧಲಿಂಗ.

"ತೋರಣ ಅಂತಾರ ಅದಕ್ಕ."

"ತೋರಣ ಅಂದ್ರ ಮಾವಿನೆಲಿದಲ್ಲೇನು?" ಎಂದು ಭಾಗಮ್ಮ ಕೇಳಿದಳು. ಅಲ್ಲಿಂದ ಚರ್ಚೆ ಅದನ್ನು ಏನೆಂದು ಕರೆಯಬೇಕು ಎಂಬುದರ ಕಡೆ ತಿರುಗಿತು. ಒಬ್ಬರು ಮಹಾದ್ವಾರ ಅಂದರು. ದ್ವಾರ ಅಂದರೆ ಬಾಗಿಲು ಇರಬೇಕು ಎಂದು ಇನ್ನೊಬ್ಬರು ತಕರಾರು ತೆಗೆದರು. ಗೇಟು ಅಂದರೆ ರೈಲ್ವೆಯದು, ಅದನ್ನು ಮುಚ್ಚುತ್ತಾರೆ. ಹಿಂದಿನ ಸಾಲಿನ ಮುದುಕರೊಬ್ಬರು, ಕಮಾನು ಅಂದರೆ ಎತ್ತಿನ ಗಾಡಿಯ ಸವಾರಿ ಕಮಾನೇ ಖರೆ, ಉಳಿದದ್ದೆಲ್ಲ ಈಚೆಗೆ ಬಂದದ್ದು ಎಂದು ಹೇಳಿ ನಿದ್ದೆಹೋದರು. ನೀರಿನ ವಿಷಯಕ್ಕೆ ಕರೆದ ಸಭೆಗಳಲ್ಲಿ ಈ ಊರಿನವರು ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದನ್ನು ಯಾರೂ ನೋಡಿರಲಿಲ್ಲ.

ಕೊನೆಗೆ ಸಿರಾಜುದ್ದೀನನೇ ದಾರಿ ಹುಡುಕಿದ. ನಡುವೆ ಅರ್ಧ ಗುಂಡು, ಅದರ ಮೇಲೆ ಅಡ್ಡಪಟ್ಟಿ, ಅಡ್ಡಪಟ್ಟಿಯ ಮೇಲೆ ಒಂದು ಕಡೆ ಕುದುರೆ ಏರಿದ ಬಸವಣ್ಣ, ಇನ್ನೊಂದು ಕಡೆ ಧಮ್ಮಚಕ್ರ, ನಡುವೆ ಒಂದು ಸಣ್ಣ ಗೋಪುರ, ಗೋಪುರದ ಪಕ್ಕಕ್ಕೆ ಕಮಲ, ಕಮಲ ಪಾರ್ಟಿಯದು ಅಂದವರ ಸಮಾಧಾನಕ್ಕೆ ಕಮಲದ ಬದಲು ತೊಗರಿ ಗಿಡ. "ನೋಡ್ರಿ, ಎಲ್ಲಾರೂ ಬಂದ್ರು," ಎಂದ ಸಿರಾಜುದ್ದೀನ. ಅವನ ಕಡೆಯವರು ಯಾರೂ ಅದರಲ್ಲಿ ಬಂದಿರಲಿಲ್ಲ, ಆದರೆ ಬಿಲ್ಲು ಅವನದೇ ಆದ್ದರಿಂದ ಅವನೂ ತಕರಾರು ಮಾಡಲಿಲ್ಲ.

ಕೆಲಸ ಶುರುವಾಯಿತು. ರಸ್ತೆಯ ನಡುವೆ ಜಲ್ಲಿ, ಮರಳು ಸುರಿದದ್ದರಿಂದ ಟ್ರ್ಯಾಕ್ಟರುಗಳು, ಎಮ್ಮೆಗಳು, ಶಾಲೆಯ ಮಕ್ಕಳು ಪಕ್ಕದ ಖಾಲಿ ಜಾಗದಲ್ಲಿ ಹಾದುಹೋಗತೊಡಗಿದರು. ಕಂಬಗಳು ಎದ್ದವು, ಗುಂಡು ಕೂಡಿತು. ಸೇಡಂನ ಒಬ್ಬ ದೊಡ್ಡ ನಾಯಕರು ಉದ್ಘಾಟನೆಗೆ ದಿನ ಕೊಟ್ಟರು. ಆಗ ಭಗವಂತ ಚಾದಂಗಡಿಯ ಮುಂದೆ ಸಿದ್ಧಲಿಂಗನನ್ನು ನಿಲ್ಲಿಸಿದ.

"ಸಿದ್ಧಲಿಂಗ, ನಿಮ್ಮಪ್ಪನ ಹೆಸರು ಹಾಕ್ತೀನಿ ಅಂದೀದಿ. ಆದ್ರ ನಮ್ಮ ಪಂಚಾಯತಿ ಠರಾವು ಒಂದದ, ನೆನಪದ ಇಲ್ಲೋ?"

"ಯಾವ ಠರಾವು?"

"ಜೀವಂತ ಇದ್ದೋರ ಹೆಸರು ಊರಾಗ ಯಾತಕ್ಕೂ ಇಡಬಾರದಂತ. ನೀರಿನ ಟಾಕಿ ಸಲುವಾಗಿ ಬಡಿದಾಡ್ಲಿಲ್ಲೇನು ಆವಾಗ?"

ಸಿದ್ಧಲಿಂಗನಿಗೆ ನೆನಪಾಯಿತು. ಹೊಸ ಟಾಕಿಗೆ ತಮ್ಮ ಹೆಸರೇ ಇರಬೇಕೆಂದು ಮೂವರು ಮೆಂಬರರು ಬಡಿದಾಡಿ, ಒಬ್ಬರ ಕೈ ಮುರಿದು, ಕೊನೆಗೆ ಸಭೆ ಈ ನಿರ್ಣಯ ಬರೆದು ಠರಾವು ಮಾಡಿತ್ತು. ಟಾಕಿಗೆ ಹೆಸರು ಬರಲಿಲ್ಲ, ನೀರೂ ಬರಲಿಲ್ಲ.

"ನಾ ನಿನಗ ಅಡ್ಡ ಬರಬೇಕಂತ ಹೇಳಾಕತ್ತಿಲ್ಲ," ಎಂದ ಭಗವಂತ. "ನಾಳೆ ಉದ್ಘಾಟನಾದಾಗ ಯಾರರೆ ಎದ್ದು ಕೇಳಿದ್ರ ಮಾರಿ ಸಣ್ಣದಾಗ್ತದ."

ಸಿದ್ಧಲಿಂಗ ಪಂಚಾಯತಿ ಆಫೀಸಿಗೆ ಹೋದ. ಅಲ್ಲಿನ ಅಧಿಕಾರಿ ಫೋನಿನಿಂದ ತಲೆ ಎತ್ತದೆ, "ಸ್ಮರಣಾರ್ಥ ಅಂತ ಹಾಕಿಬಿಡ್ರಿ. ಹಂಗ ಬರದ್ರ ನಮ್ಮ ಕಡಿಂದ ಏನೂ ಅಡ್ಡಿ ಇಲ್ಲ," ಎಂದ. ಸಿದ್ಧಲಿಂಗ ನಿಂತಲ್ಲೇ ಯೋಚಿಸಿದ. ಸ್ಮರಣೆ ಎಂದರೆ ನೆನಪು. ಬದುಕಿದ್ದವರನ್ನು ನೆನೆಯಬಾರದೆಂದು ಎಲ್ಲಿದೆ? ಅಪ್ಪನೂ ನಾನೂ ಒಂದೇ ಮನೆಯಲ್ಲಿದ್ದೇವೆ, ನೆನೆಯುವ ಪ್ರಸಂಗ ಬಂದಿಲ್ಲ, ಅಷ್ಟೇ. ಈ ತರ್ಕ ಅವನಿಗೆ ಬಹಳ ಹಿಡಿಸಿತು.

ಚಿತ್ತಾಪುರದಲ್ಲಿ ಕಲ್ಲು ಕೆತ್ತುವವನ ಹತ್ತಿರ ಕಪ್ಪು ಗ್ರಾನೈಟಿನ ಹಲಗೆಗೆ ಹೇಳಿದ. ಕೆತ್ತುವವನು ಕೇಳಿದ: "ಸ್ಮರಣಾರ್ಥ ಅಂದ್ರ ಮುಂದ ಲಿಂಗೈಕ್ಯ ಬರ್ತದಲ್ರಿ? ಬರೇ ಹೆಸರು ಬರದ್ರ ಅರೆಬರೆ ಕಾಣಸ್ತದ."

ಸಿದ್ಧಲಿಂಗ ಸ್ವಲ್ಪ ತಡವರಿಸಿದ. ಅಷ್ಟರಲ್ಲಿ ಐಶ್ವರ್ಯಳ ಫೋನು ಬಂತು. ಷಡ್ಡಕನ ಕಮಾನಿನಲ್ಲಿರುವುದಕ್ಕಿಂತ ಅಕ್ಷರ ದೊಡ್ಡದಿರಲಿ ಎಂದು ಹೇಳಿದಳು. ಫೋನು ಇಟ್ಟವನೇ, "ಬರೀರಿ," ಎಂದ.

"ಹುಟ್ಟಿದ್ದು, ತೀರಿಕೊಂಡಿದ್ದು?"

ಸಿದ್ಧಲಿಂಗ ಹುಟ್ಟಿದ ವರ್ಷ ಹೇಳಿದ. ಎರಡನೆಯದಕ್ಕೆ ಗೋಡೆ ನೋಡಿದ. ಕೆತ್ತುವವನು ಅನುಭವಸ್ಥ. ಹೆಚ್ಚು ಕೇಳಲಿಲ್ಲ.

"ಗೆರಿ ಹೊಡದು ಜಾಗ ಬಿಡ್ತೀನ್ರಿ. ಮುಂದ ಯಾವಾಗ ಹೇಳ್ತೀರೋ ಆವಾಗ ಬಂದು ಕೆತ್ತಿಕೊಡ್ತೀನಿ. ಅದಕ್ಕ ಬ್ಯಾರೆ ರೊಕ್ಕ ತಗೊಳ್ಳಾಂಗಿಲ್ಲ."

ಹಲಗೆ ಬಂತು. ಕಮಾನಿನ ನಡುವಿನ ಗೂಡಿನಲ್ಲಿ ಕೂಡಿಸಿ ಮೇಲೆ ಬಟ್ಟೆ ಮುಚ್ಚಿದರು. ಸಿದ್ಧಲಿಂಗ ಮನೆಯಲ್ಲಿ ಏನೂ ಹೇಳಲಿಲ್ಲ. ಉದ್ಘಾಟನೆ ಮುಗಿದು ನಾಯಕರು ಕಾರು ಹತ್ತಿದ ಮೇಲೆ ಒಳ್ಳೆಯ ಹೊತ್ತು ನೋಡಿ ಅಪ್ಪನಿಗೆ ತಿಳಿಸಿದರಾಯಿತು ಎಂದುಕೊಂಡಿದ್ದ. ಆದರೆ ಫ್ಲೆಕ್ಸ್ ಮಾಡುವವನಿಗೆ ಹಲಗೆಯ ಫೋಟೊ ಕಳಿಸಿ, ಇದರ ಪ್ರಕಾರ ಒಂದು ಜಾಹೀರಾತು ಮಾಡು ಎಂದಿದ್ದ. ಅವನು ಗುರುಲಿಂಗಯ್ಯನವರ ಚಿತ್ರಕ್ಕೆ ಒಂದು ಹಾರ ಹಾಕಿ, ಎರಡೂ ಕಡೆ ದೀಪ ಹಚ್ಚಿ, ಹಿಂದೆ ಮೋಡ ತೇಲಿಸಿದ. ಆ ಚಿತ್ರ ವಾಟ್ಸಾಪಿನಲ್ಲಿ ಸೇಡಂ ದಾಟಿ, ವಾಡಿ ದಾಟಿ, ಶಹಾಬಾದಿಗೆ ಹೋಯಿತು.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಶಹಾಬಾದಿನಿಂದ ನೀಲಾಬಾಯಿಯ ತಂಗಿ ಹಣಮಮ್ಮ ಜೀಪು ಮಾಡಿಕೊಂಡು ಬಂದಳು. ಜೊತೆಗೆ ಇನ್ನೂ ನಾಲ್ಕಾರು ಹೆಂಗಸರು. ಓಣಿಯ ತುದಿಯಿಂದಲೇ ಅಳು ಕೇಳಿಸಿತು. ಗುರುಲಿಂಗಯ್ಯ ಕಟ್ಟೆಯ ಮೇಲೆ ಕುಳಿತು ಚುರುಮುರಿ ಸುಸಲಾ ತಿನ್ನುತ್ತಿದ್ದವರು ತಾಟು ಕೆಳಗಿಟ್ಟು ಎದ್ದರು.

"ಏನಾತು ಹಣಮವ್ವ? ಯಾರು ಹೋದ್ರು?"

ಹಣಮಮ್ಮ ಮುಖದ ಮೇಲಿನ ಸೆರಗು ತೆಗೆದು ನೋಡಿದಳು.

"ನೀವು, ಮಾವಾ," ಎಂದಳು.

ಜೀಪಿನವನು ಸತ್ತವರಿಗೆಂದು ತಂದ ಹಾರವನ್ನು ಕೈಯಲ್ಲಿ ಹಿಡಿದು ಬಂದಿದ್ದ. ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ, ಸುಸಲಾದ ಪಕ್ಕಕ್ಕೆ ಇಟ್ಟ. ಹಣಮಮ್ಮ ಫೋನು ತೋರಿಸಿದಳು. ಗುರುಲಿಂಗಯ್ಯ ಚಸ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನೀಲಾಬಾಯಿ ಹಿಂದಿನಿಂದ ಬಂದು ನೋಡಿದರು. ಅಷ್ಟು ದೂರ ಅಳುತ್ತ ಬಂದವರನ್ನು ಹಾಗೇ ಕಳಿಸಲಾಗದೆ ಎಲ್ಲರಿಗೂ ಚಾ ಮಾಡಿಕೊಟ್ಟರು. ಅವರು ಚಾ ಕುಡಿದು, ಏನು ಮಾತಾಡಬೇಕೆಂದು ತಿಳಿಯದೆ, ಈ ಸಲದ ತೊಗರಿಯ ಬಗ್ಗೆ ಮಾತಾಡಿ ಹೋದರು.

ಅಂಗಡಿಯಿಂದ ಸಿದ್ಧಲಿಂಗನನ್ನು ಕರೆಸಿದ್ದಾಯಿತು. ಅವನು ಬಂದು ಠರಾವಿನ ಕಥೆ, ಅಧಿಕಾರಿಯ ಕಥೆ, ಕೆತ್ತುವವನ ಕಥೆ ಎಲ್ಲ ಹೇಳಿದ. ಪ್ರತಿ ಕಥೆಯಲ್ಲೂ ತಪ್ಪು ಬೇರೆಯವರದೇ ಇತ್ತು.

"ಸ್ಮರಣೆ ಅಂದ್ರ ನೆನಪು ಅಷ್ಟ ಅಪ್ಪಾ. ಇದ್ದೋರನ್ನ ಸುದ್ದ ನೆನಸ್ತಾರ."

"ಲಿಂಗೈಕ್ಯ ಅಂದ್ರ?" ಎಂದರು ಗುರುಲಿಂಗಯ್ಯ.

ಸಿದ್ಧಲಿಂಗ ನೆಲ ನೋಡಿದ. "ಎರಡು ದಿನದ ಮಾತು. ನಾಳೆ ಸಾಹೇಬ್ರು ಬಂದು ಹೋಗ್ಲಿ, ನಾಡದ್ದು ತೆಗಸ್ತೀನಿ."

"ಇರಲಿ ಬಿಡು," ಎಂದರು ಗುರುಲಿಂಗಯ್ಯ. ಅವರು ಇಡೀ ನೌಕರಿಯಲ್ಲಿ ಹೀಗೇ ಹೇಳಿದ್ದು. ಬಸ್ಸು ತಡವಾದರೂ ಇರಲಿ ಬಿಡು, ಬರದಿದ್ದರೂ ಇರಲಿ ಬಿಡು.

ನೀಲಾಬಾಯಿ ಮಾತ್ರ ಬಾಗಿಲಲ್ಲಿ ನಿಂತಿದ್ದರು. ಅವರ ದನಿ ಏರಿರಲಿಲ್ಲ.

"ನಿಮ್ಮಪ್ಪ ಸತ್ತಾನ ಅಂತ ಬರಸೀದಿ. ಅಂದ್ರ ನಾ ಏನಾದೆ? ಅದನ್ನೂ ಆ ಕಲ್ಲಿನ್ಯಾಗ ಬರಸೀದೇನು?"

ಸಿದ್ಧಲಿಂಗ ತಾಯಿಯ ಮುಖ ನೋಡಿದ. ಹಣೆಯ ವಿಭೂತಿ, ಅದರ ಕೆಳಗೆ ಕುಂಕುಮ, ಕೈ ತುಂಬ ಹಸಿರು ಬಳೆ. ಅಕ್ಷರದ ಅಳತೆ, ಗೋಪುರದ ಬಣ್ಣ, ನಾಯಕರ ಊಟದಲ್ಲಿ ಸಿಹಿ ಯಾವುದು ಎಂಬುದೆಲ್ಲ ಅವನು ಯೋಚಿಸಿದ್ದ. ಇದೊಂದು ಹೊಳೆದಿರಲಿಲ್ಲ. "ಅವ್ವಾ," ಎಂದ. ನೀಲಾಬಾಯಿ ಒಳಗೆ ಹೋದರು. ಆ ದಿನದಿಂದ ಮಗನೊಡನೆ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಿದ್ದರು, ಬೇಕು ಬೇಡ ಕೇಳುತ್ತಿರಲಿಲ್ಲ.

ಸಂಜೆ ಗುರುಲಿಂಗಯ್ಯ ಭಗವಂತನನ್ನು ಕರೆದುಕೊಂಡು ಕಮಾನಿಗೆ ಹೋದರು. ಸಿರಾಜುದ್ದೀನನ ಆಳುಗಳು ಬಣ್ಣ ಹಚ್ಚುತ್ತಿದ್ದರು. ಅವರಿಗೆ ಹೇಳಿ ಹಲಗೆಯ ಬಟ್ಟೆ ಸರಿಸಿಸಿದರು.

"ನಾ ಆ ಠರಾವಿನ ಮಾತು ತೆಗೀಬಾರದಿತ್ತು, ಸ್ವಾಮ್ಯಾರ," ಎಂದ ಭಗವಂತ.

"ನೀ ಹೇಳಿದ್ದು ಖರೇನ ಅದ." ಗುರುಲಿಂಗಯ್ಯ ಕತ್ತು ಎತ್ತಿ ಓದಿದರು. ಬಂಗಾರದ ಬಣ್ಣದ ಅಕ್ಷರಗಳು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು. ಅವರ ಹೆಸರನ್ನು ಯಾರೂ ಇಷ್ಟು ದೊಡ್ಡದಾಗಿ ಬರೆದಿರಲಿಲ್ಲ. ಅವರಿಗೆ ಖುಷಿಯೂ ಆಯಿತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಆಮೇಲೆ ಕಣ್ಣು ಹುಟ್ಟಿದ ವರ್ಷದ ಗೆರೆಯ ಮುಂದಿನ ಖಾಲಿ ಜಾಗಕ್ಕೆ ಹೋಯಿತು.

"ಸಾಕು, ಮುಚ್ಚಪಾ," ಎಂದರು ಆಳಿಗೆ.

ಮರುದಿನ ನಾಯಕರು ಹೇಳಿದ ಹೊತ್ತಿಗಿಂತ ಬಹಳ ತಡವಾಗಿ ಬಂದರು. ಸಿದ್ಧಲಿಂಗ ಅವರ ಪಿಎಯ ಕಿವಿಯಲ್ಲಿ ವಿಷಯ ಹೇಳಲು ಮೂರು ಸಲ ಹೋದ. ಪಿಎ ಮೂರು ಸಲವೂ ಫೋನಿನಲ್ಲಿದ್ದ. ವೇದಿಕೆಯ ಮೇಲೆ ಭಾಗಮ್ಮನ ಪಕ್ಕಕ್ಕೆ ಗುರುಲಿಂಗಯ್ಯ ಹೊಸ ಧೋತರ ಉಟ್ಟು ಕುಳಿತಿದ್ದರು. ಕರೆಯದಿದ್ದರೂ ನೀಲಾಬಾಯಿ ಬಂದರು. ಮದುವೆಗೆ ಹೋಗುವಂತೆ ಇಳಕಲ್ ಸೀರೆ ಉಟ್ಟು, ಇನ್ನೊಂದು ಡಜನ್ ಬಳೆ ಏರಿಸಿ, ವೇದಿಕೆ ಹತ್ತಿ ಗಂಡನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿ ತನಗೆಂದು ಇಟ್ಟುಕೊಂಡಿದ್ದ ಐಶ್ವರ್ಯ ಕೆಳಗೆ ನಿಂತಳು.

ನಾಯಕರು ಹಗ್ಗ ಎಳೆದರು. ಬಟ್ಟೆ ಬಿತ್ತು. ಚಪ್ಪಾಳೆ ಆಯಿತು. ಆಮೇಲೆ ಮೈಕಿನ ಮುಂದೆ ನಿಂತು ಅವರು ಕಣ್ಣು ತುಂಬಿಕೊಂಡು ಮಾತಾಡಿದರು.

"ಲಿಂಗೈಕ್ಯ ಗುರುಲಿಂಗಯ್ಯನವರು ಇಂದು ನಮ್ಮ ನಡುವೆ ಇಲ್ಲ. ಅವರ ಮತ್ತು ನನ್ನ ಸಂಬಂಧ ಬಹಳ ಹಳೆಯದು. ಕಷ್ಟ ಬಂದಾಗಲೆಲ್ಲ ನಾನು ಅವರ ಸಲಹೆ ಕೇಳುತ್ತಿದ್ದೆ. ಇಂಥ ಶಿಕ್ಷಕರು ಇನ್ನು ಹುಟ್ಟುವುದಿಲ್ಲ."

ಕೆಳಗೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿದರು. ನಗಬೇಕೋ ಬೇಡವೋ ತಿಳಿಯಲಿಲ್ಲ. ನಾಯಕರು ಒಂದು ನಿಮಿಷ ಮೌನ ಎಂದರು. ಎಲ್ಲರೂ ಎದ್ದರು. ಗುರುಲಿಂಗಯ್ಯನವರೂ ಎದ್ದು, ಕೈ ಕಟ್ಟಿ, ತಲೆ ಬಾಗಿಸಿ ನಿಂತರು. ಮೌನದ ನಡುವೆ ನೀಲಾಬಾಯಿಯ ಬಳೆ ಮಾತ್ರ ಸದ್ದು ಮಾಡುತ್ತಿದ್ದವು. ಅವರು ಬೇಕೆಂದೇ ಕೈ ಅಲ್ಲಾಡಿಸುತ್ತಿದ್ದರು.

ಮೌನ ಮುಗಿದ ಮೇಲೆ ಭಾಗಮ್ಮ ತಡೆಯಲಾರದೆ, "ಸಾಹೇಬ್ರ, ಗುರುಲಿಂಗಯ್ಯನವರು ಇವರೇ ರಿ," ಎಂದಳು. ನಾಯಕರು ತಿರುಗಿ ನೋಡಿದರು. ಆದರೆ ಎಷ್ಟೋ ಚುನಾವಣೆ ನೋಡಿದ ಮನುಷ್ಯ, ಗಾಬರಿಯಾಗಲಿಲ್ಲ. ಕೊರಳಲ್ಲಿದ್ದ ಹಾರ ತೆಗೆದು ಗುರುಲಿಂಗಯ್ಯನವರಿಗೆ ಹಾಕಿ, "ಇಂಥವರಿಗೆ ಸಾವಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ," ಎಂದರು. ಹಾಗೆ ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಆದರೂ ಚಪ್ಪಾಳೆ ಬಿತ್ತು.

ಗುರುಲಿಂಗಯ್ಯ ಮೈಕು ಕೇಳಿದರು.

"ಸಾಹೇಬ್ರು ನನ್ನ ಬಗ್ಗೆ ಭಾಳ ಚೊಲೊ ಮಾತಾಡಿದ್ರು," ಎಂದರು ಅವರು. "ಸತ್ತೋರಿಗಿ ಇದು ಕೇಳಾಕ ಸಿಗಾಂಗಿಲ್ಲ. ನನಗ ಸಿಕ್ತು. ಒಂದೇ ಮಾತು. ನಾ ಮಾಸ್ತರ ಅಲ್ರಿ, ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಇದ್ದೆ. ಸಾಹೇಬ್ರನ್ನ ಇವತ್ತೇ ಮೊದಲ ನೋಡಾಕತ್ತೀನಿ. ಮತ್ತ ಮಗನ ಮ್ಯಾಲ ನನಗೇನೂ ಸಿಟ್ಟಿಲ್ಲ. ಊಟ ಮಾಡಿ ಹೋಗ್ರಿ."

ಊಟ ಚೆನ್ನಾಗಿತ್ತು. ಅದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ನಾಯಕರು ಮೃತರ ಜೊತೆ ನಿಂತ ಫೋಟೊ ಮೂರು ತಾಲೂಕು ತಿರುಗಿತು. ಷಡ್ಡಕ ಫೋನು ಮಾಡಿ ಗುರುಲಿಂಗಯ್ಯನವರ ಆರೋಗ್ಯ ವಿಚಾರಿಸಿದ. ಪಂಚಾಯತಿಯಲ್ಲಿ ಮತ್ತೊಂದು ಸಭೆಯಾಯಿತು. ಲಿಂಗೈಕ್ಯ ಎಂಬುದನ್ನು ಅಳಿಸಿದರೆ ಠರಾವು ಮುರಿಯುತ್ತದೆ, ಅಳಿಸದಿದ್ದರೆ ಸುಳ್ಳಾಗುತ್ತದೆ. ಸತ್ಯ ಮತ್ತು ಠರಾವು ಎರಡರಲ್ಲಿ ಯಾವುದು ದೊಡ್ಡದು ಎಂದು ಸಂಜೆಯವರೆಗೆ ಚರ್ಚಿಸಿ, ಮೇಲಿನವರಿಗೆ ಬರೆದು ಕೇಳುವುದೆಂದು ತೀರ್ಮಾನಿಸಿದರು. ಮೇಲಿನವರು ಇನ್ನೂ ಉತ್ತರ ಬರೆದಿಲ್ಲ.

ಸಿದ್ಧಲಿಂಗ ಕಾಯಲಿಲ್ಲ. ತಾಯಿ ಬಡಿಸಿದ ತಾಟಿನ ಮುಂದೆ ಮಾತಿಲ್ಲದೆ ಕುಳಿತು ಕುಳಿತು ಅವನು ಸೊರಗಿದ್ದ. ಐಶ್ವರ್ಯ ಬೇಡವೆಂದರೂ ಕೇಳದೆ ಸಿರಾಜುದ್ದೀನನ ಆಳುಗಳನ್ನು ಕರೆಸಿ ಹಲಗೆ ಕೀಳಿಸಿದ. ಹಾಕುವುದಕ್ಕಿಂತ ಕೀಳುವುದಕ್ಕೆ ಹೆಚ್ಚು ದುಡ್ಡಾಗುತ್ತದೆ ಎಂದು ಸಿರಾಜುದ್ದೀನ ಹೇಳಿದಾಗಲೂ ಕೇಳಿದಷ್ಟು ಕೊಟ್ಟ. ಗೂಡು ಈಗ ಖಾಲಿ ಇದೆ. ಊರಿನಲ್ಲಿ ಅನುಕೂಲಸ್ಥ ಮುದುಕರು ಯಾರಾದರೂ ಕೆಮ್ಮಿದರೆ ಮಂದಿ ಕಮಾನಿನ ಕಡೆ ನೋಡುತ್ತಾರೆ. ಅದರ ಕೆಳಗೆ ಹಾಯುವವರು ಕಡಿಮೆ. ಕೆಲಸ ನಡೆದಾಗ ಪಕ್ಕದಿಂದ ಹೋಗಿ ರೂಢಿಯಾದದ್ದು ಹಾಗೇ ಉಳಿದಿದೆ. ಎಮ್ಮೆಗಳಂತೂ ಒಂದೂ ಒಳಗಿನಿಂದ ಬರುವುದಿಲ್ಲ.

ಹಲಗೆಯನ್ನು ಟ್ರ್ಯಾಕ್ಟರಿನಲ್ಲಿ ಮನೆಗೆ ತಂದ ದಿನ ಸಿದ್ಧಲಿಂಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದ. ಎಸೆಯುವುದು ಹೇಗೆ, ಅಪ್ಪನ ಹೆಸರಿದೆ. ಗೋಡೆಗೆ ಒರಗಿಸುವುದು ಹೇಗೆ, ಲಿಂಗೈಕ್ಯ ಎಂದಿದೆ. ನೀಲಾಬಾಯಿ ಹೊರಗೆ ಬಂದು ನೋಡಿದರು.

"ಹಿತ್ತಲದಾಗ ಬಚ್ಚಲ ಬಾಜುಕ ಹಾಕು," ಎಂದರು. "ಬರದಿದ್ದ ಮಾರಿ ಕೆಳಗ ಮಾಡು. ಅರಿವಿ ಒಗ್ಯಾಕ ಆಗ್ತದ."

ಸಿದ್ಧಲಿಂಗನಿಗೆ ತಾಯಿ ಮಾತಾಡಿದ್ದೇ ಸಾಕಾಯಿತು. ಆಳುಗಳಿಗೆ ಬಿಡದೆ ತಾನೇ ಒಂದು ಕಡೆ ಹಿಡಿದು ಹೊತ್ತುಕೊಂಡು ಹೋದ. ಗುರುಲಿಂಗಯ್ಯ ಹಿಂದೆ ಹಿಂದೆ ಹೋಗಿ, ಕಲ್ಲು ಮಗುಚುವ ಮುಂಚೆ ಬಗ್ಗಿ ಇನ್ನೊಮ್ಮೆ ಓದಿದರು.

"ಏನೇ ಅನ್ನು, ಅಕ್ಷರ ಮಾತ್ರ ಭಾಳ ಚೊಲೊ ಕೆತ್ಯಾನ," ಎಂದರು.

ನೀಲಾಬಾಯಿ ಬುಟ್ಟಿಯಲ್ಲಿದ್ದ ಬಟ್ಟೆಗಳನ್ನು ನೆನೆಹಾಕಲು ಒಳಗೆ ಹೋದರು.